ಮೇಲಿಂದ ನೋಡಿದ್ರೆ ಸ್ಕೈಲೈನ್, ಕೆಳಗಿಳಿದ್ರೆ ಕಾಂಪೌಂಡ್ ಗೋಡೆ

ಅಮ್ಮ ಅರಸೀಕೆರೆಯಿಂದ ಬಂದು ಹದಿನೈದು ದಿನ ಆಯ್ತು. ನಮ್ಮದು ಕನಕಪುರ ರಸ್ತೆ ಕಡೆ, ಹನ್ನೊಂದನೇ ಫ್ಲೋರು. ಬಂದ ದಿನ ಬಾಲ್ಕನೀಲಿ ನಿಂತ್ಕೊಂಡು "ಏನ್ ಚೆನ್ನಾಗ್ ಕಾಣುತ್ತಲ್ಲೋ, ದೀಪಾವಳಿ ಇದ್ದಂಗಿದೆ" ಅಂತ ಸಂಜೆ ಪೂರ್ತಿ ಅಲ್ಲೇ ಇದ್ಳು. ಎರಡನೇ ದಿನ ಸ್ವಲ್ಪ ಹೊತ್ತು. ಮೂರನೇ ದಿನ ಕಾಫಿ ಕುಡಿದು "ಕೆಳಗೆ ಹೋಗಿ ಒಂದರ್ಧ ಗಂಟೆ ಕೂತ್ಕೊಂಡ್ ಬರ್ತೀನಿ" ಅಂತ ಹೋದೋಳು ಹತ್ತೇ ನಿಮಿಷಕ್ಕೆ ವಾಪಸ್ ಬಂದ್ಳು. ಯಾಕಮ್ಮಾ ಅಂದ್ರೆ "ಎಲ್ಲಿ ಕೂರೋದು?" ಅಂದ್ಳು. ಒಳಗೆ ಪಾರ್ಕಲ್ಲಿ ಬೆಂಚ್ ಇದ್ಯಲ್ಲ ಅಂದೆ. "ಅಲ್ಲಿ ಯಾರನ್ನ ನೋಡ್ತಾ ಕೂರಲಿ, ಗಿಡಾನಾ?" ಗೇಟ್ ಹತ್ರ ಸೆಕ್ಯುರಿಟಿಯವರ ಕುರ್ಚಿ ಖಾಲಿ ಇತ್ತಂತೆ, ಕೂತ್ಲಂತೆ, ಆ ಹುಡುಗ ಪಾಪ ಸಂಕೋಚದಲ್ಲೇ "ಅಮ್ಮಾ, ಇಲ್ಲಿ ಕೂರಂಗಿಲ್ಲ, ಕ್ಯಾಮೆರಾ ಇದೆ" ಅಂದನಂತೆ.

ನಮ್ಮೂರಲ್ಲಿ ಅಮ್ಮ ಸಂಜೆ ಐದಕ್ಕೆ ಜಗಲಿ ಮೇಲೆ ಕೂತ್ರೆ ಏಳೂವರೆವರೆಗೂ ಎದ್ದೇಳಲ್ಲ. ಸೊಪ್ಪು ಬಿಡಿಸ್ತಾ ಕೂತಿರ್ತಾಳೆ, ಹೋಗೋರು ಬರೋರೆಲ್ಲಾ ಮಾತಾಡ್ಸ್ಕೊಂಡ್ ಹೋಗ್ತಾರೆ, ಯಾರ ಮನೆಗೆ ನೆಂಟರು ಬಂದ್ರು ಯಾರ ಮಗಳಿಗೆ ಗಂಡು ಗೊತ್ತಾಯ್ತು ಎಲ್ಲಾ ಅಲ್ಲೇ ಗೊತ್ತಾಗುತ್ತೆ. ಜಗಲಿ ಅಂದ್ರೆ ಎಷ್ಟಿರುತ್ತೆ ಹೇಳಿ, ಎರಡಡಿ ಎತ್ತರ, ಎರಡೂವರೆ ಅಡಿ ಅಗಲ. ಅಷ್ಟೇ ಜಾಗ. ಅದು ಮನೇದೋ ರಸ್ತೇದೋ ಅಂತ ಯಾರೂ ಯಾವತ್ತೂ ಕೇಳಿಲ್ಲ.

ಅಮ್ಮ ಹಾಗಂದ್ಮೇಲೆ ಮಾರನೇ ದಿನ ಬೆಳಗ್ಗೆ ನಾನು ಗೇಟಿಂದ ದರ್ಶಿನಿವರೆಗೆ ಹೆಜ್ಜೆ ಎಣಿಸ್ಕೊಂಡು ಹೋದೆ. ಹುಚ್ಚು ಅನ್ಕೊಳ್ಳಿ ಪರ್ವಾಗಿಲ್ಲ. 340 ಹೆಜ್ಜೆ. ಅದ್ರಲ್ಲಿ 290 ಹೆಜ್ಜೆ ಬರೀ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆ. ಏಳಡಿ ಎತ್ತರ, ಗ್ರಾನೈಟ್ ಮೆತ್ತಿದಾರೆ, ಮೇಲೆ ತಂತಿ ಬೇಲಿ, ಮಧ್ಯ ಒಂದು ಟ್ರಾನ್ಸ್‌ಫಾರ್ಮರು, ಆಮೇಲೆ "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಅನ್ನೋ ಬೋರ್ಡು. ಒಂದು ಬಾಗಿಲಿಲ್ಲ ಒಂದು ಕಿಟಕಿ ಇಲ್ಲ. ನಮ್ಮೂರ ಬೀದೀಲಿ 290 ಹೆಜ್ಜೆ ನಡೆದ್ರೆ ಏನಿಲ್ಲಾ ಅಂದ್ರೂ ಮೂವತ್ತು ಬಾಗಿಲು, ಒಂದು ಹಿಟ್ಟಿನ ಗಿರಣಿ, ಒಂದು ಟೈಲರ್ ಅಂಗಡಿ ಸಿಗುತ್ತೆ. ಬ್ರೋಷರಲ್ಲಿ ಮಾತ್ರ ನಮ್ಮ ಟವರ್ ಆಕಾಶದ ಮುಂದೆ ನಿಂತಿರೋ ಫೋಟೋ, ಗೋಡೆ ಫೋಟೋ ಯಾರ್ ಹಾಕ್ತಾರೆ.

ಹಾಗಂತ ಇದು ಬಿಲ್ಡರ್ ಒಬ್ಬನ ತಪ್ಪು ಅಂತಾನೂ ಅನ್ಸಲ್ಲ. ರೂಲ್ಸೇ ಹಾಗಿದೆ. ಎಫ್‌ಎಆರ್ ಅಂತ ಒಂದಿದೆಯಲ್ಲ, ಸೈಟು ಎಷ್ಟಿದೆಯೋ ಅದರ ಇಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ. ಹತ್ತು ಸಾವಿರ ಚದರಡಿ ಸೈಟಿಗೆ ಎರಡೂವರೆ ಎಫ್‌ಎಆರ್ ಇದ್ರೆ 25 ಸಾವಿರ ಚದರಡಿ, ಅದನ್ನ ನಾಲ್ಕು ಫ್ಲೋರಲ್ಲಿ ಹರಡಬಹುದು ಇಲ್ಲಾ ಒಂದರ ಮೇಲೊಂದು ಪೇರಿಸಬಹುದು. ಆದ್ರೆ ಬಿಲ್ಡಿಂಗು ಎತ್ತರ ಆದಷ್ಟೂ ಸುತ್ತ ಬಿಡೋ ಸೆಟ್‌ಬ್ಯಾಕ್ ಜಾಸ್ತಿ ಆಗ್ಬೇಕು, ಫೈರ್ ಇಂಜಿನ್ ಓಡಾಡೋಕೆ 6 ಮೀಟರ್ ದಾರಿ ಬಿಡ್ಬೇಕು, ಅದು ತಪ್ಪು ಅಂತ ಹೇಳೋಕಾಗಲ್ಲ, ಬೆಂಕಿ ಬಿದ್ರೆ ನಾವೇ ತಾನೇ ಮೇಲಿರೋದು. ಹೀಗೆ ಟವರು ರಸ್ತೆಯಿಂದ ಹಿಂದೆ ಹಿಂದೆ ಹೋಗುತ್ತೆ, ಮುಂದೆ ಖಾಲಿ ಜಾಗ ಬಂತು ಅಂದ್ರೆ ಅದಕ್ಕೆ ಗೋಡೆ ಬಂತು, ಗೋಡೆ ಬಂತು ಅಂದ್ರೆ ಗೇಟು, ಗೇಟಿಗೆ ಸೆಕ್ಯುರಿಟಿ, ಸೆಕ್ಯುರಿಟಿಗೆ ರಿಜಿಸ್ಟರು. ಅದ್ರ ಮೇಲೆ ಕಾರುಗಳು ಬೇರೆ. ನೆಲದಡಿ ಅಗೆಯೋಕೆ ಹೋದ್ರೆ ಬಂಡೆ ಸಿಕ್ಕಿ ಖರ್ಚು ಏರುತ್ತೆ ಅಂತ ಎಷ್ಟೋ ಕಡೆ ಮೊದಲ ಎರಡು ಮೂರು ಫ್ಲೋರೇ ಪಾರ್ಕಿಂಗು. ರಸ್ತೇಲಿ ನಡೆಯೋನು ತಲೆ ಎತ್ತಿದ್ರೆ ಕಾಣೋದು ಜಾಲರಿ ಹಿಂದೆ ಸಾಲಾಗಿ ನಿಂತಿರೋ ಕಾರುಗಳ ಮುಸುಡಿ. ನಾಲ್ಕನೇ ಫ್ಲೋರಿಂದ ಮೇಲೇನೇ ಮನುಷ್ಯರು ಶುರು.

ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ನೆನಪಿದ್ಯಾ? 25 ಫ್ಲೋರು, ನೂರು ಮೀಟರಿಗಿಂತ ಜಾಸ್ತಿ, 1973ರದ್ದು. ನಾವು ಚಿಕ್ಕೋರಿದ್ದಾಗ ಬೆಂಗಳೂರಿಗೆ ಬಂದ್ರೆ ಅಪ್ಪ ವಿಧಾನಸೌಧ, ಲಾಲ್‌ಬಾಗು, ಆಮೇಲೆ ಅದನ್ನ ತೋರಿಸ್ತಿದ್ರು, ನಾವು ಕತ್ತು ನೋವು ಬರೋವರೆಗೂ ಫ್ಲೋರ್ ಎಣಿಸ್ತಿದ್ವಿ. ಸುಂದರ ಅಂತ ಹೇಳೋಕಾಗಲ್ಲ, ನೇರ ಎದ್ದು ನಿಂತಿರೋ ಬೆಂಕಿಪೊಟ್ಟಣ. ಆದ್ರೆ ಅದರ ಬುಡದಲ್ಲಿ ಅಂಗಡಿಗಳಿದ್ವು, ಫುಟ್‌ಪಾತಿಂದ ಹಾಗೇ ಒಳಗೆ ನುಗ್ಗಬಹುದಿತ್ತು, ನೀವ್ಯಾರು ಯಾವ ಫ್ಲ್ಯಾಟು ಅಂತ ಯಾರೂ ಕೇಳ್ತಿರ್ಲಿಲ್ಲ. ಎತ್ತರ ಇದ್ರೆ ಬೀದಿ ಸತ್ತೋಗುತ್ತೆ ಅನ್ನೋದು ಅದಕ್ಕೇ ಪೂರ್ತಿ ನಿಜ ಅಲ್ಲ ಅನ್ಸುತ್ತೆ ನಂಗೆ, ಬುಡದಲ್ಲಿ ಏನಿಟ್ಟಿದೀವಿ ಅನ್ನೋದೇ ವಿಷಯ. ಜನ ಒತ್ತೊತ್ತಾಗಿರೋದಕ್ಕೆ ಎತ್ತರಾನೇ ಬೇಕು ಅಂತಾನೂ ಇಲ್ಲ, ಚಿಕ್ಕಪೇಟೆಗೆ ಹೋಗಿ ನೋಡಿ, ಮೂರು ನಾಲ್ಕು ಫ್ಲೋರಿನ ಬಿಲ್ಡಿಂಗುಗಳಲ್ಲೇ ಕಾಲಿಡೋಕೆ ಜಾಗ ಇರಲ್ಲ.

ಈ ವಿಷಯ ಓದ್ತಾ ಓದ್ತಾ ನ್ಯೂಯಾರ್ಕಿನ ಕತೆ ಸಿಕ್ತು, ನಂಗೆ ಭಾರಿ ಇಷ್ಟ ಆಯ್ತು. 1915ರಲ್ಲಿ ಅಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಅಂತ ಕಟ್ಟಿದ್ರು, ಒಂದು ಎಕರೆಗಿಂತ ಕಮ್ಮಿ ಜಾಗ, ಅದ್ರ ಮೇಲೆ ಸುಮಾರು 12 ಲಕ್ಷ ಚದರಡಿ, ರಸ್ತೆ ಅಂಚಿಂದ ಸೀದಾ ಮೇಲಕ್ಕೆ. ಅಕ್ಕಪಕ್ಕದ ಏಳು ಎಕರೆ ನೆರಳಲ್ಲಿ ಮುಳುಗಿತು, ಜನ ಗಲಾಟೆ ಮಾಡಿದ್ರು, 1916ರಲ್ಲಿ ಕಾನೂನು ಬಂತು. ಒಂದು ಎತ್ತರ ಆದ್ಮೇಲೆ ಬಿಲ್ಡಿಂಗು ಹಿಂದಕ್ಕೆ ಸರೀಬೇಕು, ಮೇಲೆ ಹೋದಷ್ಟೂ ಸಣ್ಣ ಆಗ್ಬೇಕು, ರಸ್ತೆಗೆ ಬೆಳಕು ಬೀಳ್ಬೇಕು ಅಂತ. ಮೆಟ್ಟಿಲು ಮೆಟ್ಟಿಲಾಗಿ ಏರೋ ಬಿಲ್ಡಿಂಗುಗಳು ಅಲ್ಲಿ ಸಾಲು ಸಾಲು ಎದ್ದಿದ್ದು ಹೀಗೆ. 1931ರ ಎಂಪೈರ್ ಸ್ಟೇಟ್ 102 ಫ್ಲೋರಿದ್ರೂ ರಸ್ತೆ ಪಕ್ಕ ಇರೋದು ಐದು ಫ್ಲೋರಿನ ಬುಡ ಮಾತ್ರ, ಅದ್ರಲ್ಲಿ ಅಂಗಡಿಗಳು, ಟವರ್ ಅಲ್ಲಿಂದ ಹಿಂದಕ್ಕೆ ಸರಿದು ಮೇಲೇಳುತ್ತೆ. ಅಂದ್ರೆ ಪೋಸ್ಟ್‌ಕಾರ್ಡಲ್ಲಿ ಬರೋ ಆ ಸ್ಕೈಲೈನ್, ಆಕಾಶದ ಅಂಚಲ್ಲಿ ಕಾಣೋ ಬಿಲ್ಡಿಂಗುಗಳ ಸಾಲು, ಒಂಥರಾ ಕೆಳಗೆ ನಡೆಯೋರ ಜಗಳದಿಂದ ಹುಟ್ಟಿದ್ದು. ತಮಾಷೆ ಏನಂದ್ರೆ ವಿಠ್ಠಲ್ ಮಲ್ಯ ರಸ್ತೆಯ ಯುಬಿ ಟವರ್ ನೋಡಿದಾಗೆಲ್ಲಾ ನಂಗೆ ಎಂಪೈರ್ ಸ್ಟೇಟ್ ನೆನಪಾಗುತ್ತೆ, ಅಲ್ಲಿ ಬೆಳಕಿಗೋಸ್ಕರ ಬಂದ ಮೆಟ್ಟಿಲು ಇಲ್ಲಿ ಅಲಂಕಾರಕ್ಕೆ ಬಂದಿದೆ.

ನೆರಳಿನ ವಿಷ್ಯದಲ್ಲಿ ನಮ್ಮ ಕಷ್ಟ ಉಲ್ಟಾ. ಅವರಿಗೆ ಬಿಸಿಲು ಬೇಕು, ನಮಗೆ ನೆರಳು ಬೇಕು. ಬೆಂಗಳೂರಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತೆ ಆಗಸ್ಟ್ 18ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಶೂನ್ಯ ನೆರಳಿನ ದಿನ ಅಂತಾರಲ್ಲ ಅದು. ಈ ಏಪ್ರಿಲಲ್ಲಿ ಮಗಳು ಸ್ಕೂಲಲ್ಲಿ ಹೇಳಿದ್ರು ಅಂತ ಒಂದು ಸ್ಟೀಲ್ ಲೋಟ ತಗೊಂಡು ಕೆಳಗೋದ್ಳು, ನಾನೂ ಹೋದೆ. ಮಧ್ಯಾಹ್ನ ಹನ್ನೆರಡು ಕಾಲು ದಾಟ್ತಿದ್ದಂಗೆ ಲೋಟದ ನೆರಳು ಲೋಟದ ಬುಡದೊಳಗೇ ಹೋಯ್ತು. ತಲೆ ಎತ್ತಿ ನೋಡಿದ್ರೆ ಅಷ್ಟೆತ್ತರದ ನಮ್ಮ ಟವರಿಂದೂ ಅದೇ ಕತೆ, ರಸ್ತೆಗೆ ಒಂದು ಗೇಣು ನೆರಳಿಲ್ಲ. ಬೇರೆ ದಿನ ಬಿದ್ರೂ ಅದು ಬೀಳೋದು ನಮ್ಮ ಡ್ರೈವ್‌ವೇ ಮೇಲೆ, ಫುಟ್‌ಪಾತ್ ತನಕ ಬರೋದು ಸಂಜೆ, ಆಗ ಅದ್ಯಾರಿಗೆ ಬೇಕು. ರಸ್ತೆ ಆಚೆ ಕಡೆ ಒಂದು ಹೊಂಗೆ ಮರ ಉಳ್ಕೊಂಡಿದೆ, ಮೂವತ್ತಡಿ ಇದ್ರೆ ಹೆಚ್ಚು, ಅದರಡಿ ಮೂರು ಆಟೋ, ಒಬ್ಬ ಎಳನೀರು ಮಾರೋನು, ಒಂದು ನಾಯಿ.

ಗಾಳಿ ಇನ್ನೊಂದು. ಎತ್ತರದಲ್ಲಿ ಗಾಳಿ ಜೋರು, ಅದು ಚಪ್ಪಟೆ ಗೋಡೆಗೆ ಬಡಿದು ಒಂದಷ್ಟು ಕೆಳಕ್ಕೆ ಜಾರುತ್ತೆ, ಬುಡದಲ್ಲಿ ಮೂಲೆ ತಿರುಗುವಾಗ ಇನ್ನೂ ರಭಸ. ಆಷಾಢದಲ್ಲಿ ನಮ್ಮ ಎರಡು ಟವರ್ ಮಧ್ಯ ನಡೆದ್ರೆ ಛತ್ರಿ ಹಿಂದುಮುಂದಾಗುತ್ತೆ, ನಮಗದು ತಮಾಷೆ, ಇಂಗ್ಲೆಂಡಿನ ಲೀಡ್ಸಲ್ಲಿ 2011ರಲ್ಲಿ ಬ್ರಿಡ್ಜ್‌ವಾಟರ್ ಪ್ಲೇಸ್ ಅನ್ನೋ ಟವರ್ ಬುಡದ ಗಾಳಿಗೆ ಲಾರಿ ಮಗುಚಿ ನಡೆದು ಹೋಗ್ತಿದ್ದೋರೊಬ್ಬರು ಸತ್ರು. ಲಂಡನ್ನಲ್ಲಿ 2013ರಲ್ಲಿ ಒಳಕ್ಕೆ ಬಾಗಿರೋ ಗಾಜಿನ ಟವರೊಂದು, ವಾಕಿಟಾಕಿ ಅಂತಾನೇ ಅಡ್ಡಹೆಸರು, ಭೂತಗನ್ನಡಿ ಥರ ಬಿಸಿಲನ್ನ ಒಂದೇ ಕಡೆಗೆ ಬಿಟ್ಟು ರಸ್ತೇಲಿ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಭಾಗಗಳನ್ನ ಕರಗಿಸಿಬಿಡ್ತು! ಆಮೇಲೆ ಗಾಜಿಗೆ ಬಿಸಿಲು ತಡೆಯೋ ಪಟ್ಟಿ ಹಾಕಿದ್ರು. ಔಟರ್ ರಿಂಗ್ ರೋಡಲ್ಲಿ ಸಂಜೆ ಬೈಕ್ ಓಡ್ಸೋರಿಗೆ ಗಾಜು ಕಣ್ಣಿಗೆ ಹೊಡೆಯೋದು ಹೊಸದಾಗಿ ಹೇಳ್ಬೇಕಿಲ್ಲ.

ಸ್ಕೈಲೈನ್ ನೋಡ್ಬೇಕು ಅಂದ್ರೆ ಈಗಲೂ ನಾನು ಲಾಲ್‌ಬಾಗ್ ಬಂಡೆ ಹತ್ತೋನೇ. ಮುನ್ನೂರು ಕೋಟಿ ವರ್ಷದ ಕಲ್ಲು, ಮೇಲೆ ಕೆಂಪೇಗೌಡರ ಗೋಪುರ, ಊರು ಇಲ್ಲಿವರೆಗೆ ಬೆಳೆಯುತ್ತೆ ಅಂತ ನಾಲ್ಕು ದಿಕ್ಕಿಗೆ ಗಡಿ ಗೋಪುರ ಕಟ್ಟಿದ್ರು ಅಂತಾರಲ್ಲ. ಅಲ್ಲಿಂದ ನೋಡಿದ್ರೆ ನಮ್ಮ ಸ್ಕೈಲೈನಿಗೆ ಒಂದು ಆಕಾರ ಅಂತ ಇಲ್ಲ, ಅಲ್ಲೊಂದು ಗುಂಪು ಇಲ್ಲೊಂದು ಗುಂಪು, ಬಾಚಣಿಗೆಯ ಹಲ್ಲು ಮುರಿದಂಗೆ. ಎಚ್‌ಎಎಲ್, ಜಕ್ಕೂರು, ಯಲಹಂಕ ಕಡೆ ವಿಮಾನ ಇಳಿಯುತ್ತೆ ಅಂತ ಎತ್ತರಕ್ಕೆ ಮಿತಿ ಇದೆ, ಅಲ್ಲೆಲ್ಲಾ ಕ್ಷೌರದಂಗಡೀಲಿ ಕತ್ತರಿಸಿದಂಗೆ ಮಟ್ಟಸ. ದೂರಕ್ಕೆ ಚೆನ್ನಾಗೇ ಕಾಣುತ್ತೆ, ಸುಳ್ಳು ಯಾಕೆ ಹೇಳ್ಲಿ. ಈಗ ಸರ್ಕಾರದೋರು 250 ಮೀಟರ್ ಎತ್ತರದ ಸ್ಕೈಡೆಕ್ ಮಾಡ್ತೀವಿ ಅಂತಿದಾರೆ, ಹತ್ತಿ ನೋಡೋಕೆ. ಅಲ್ಲಿವರೆಗೆ ನಡ್ಕೊಂಡು ಹೋಗೋಕೆ ಫುಟ್‌ಪಾತೂ ಸೇರಿಸ್ಕೊಂಡ್ರೆ ಒಳ್ಳೇದು.

ಅಸೋಸಿಯೇಷನ್ ಮೀಟಿಂಗಲ್ಲಿ ನಾನೊಂದು ಮಾತು ಇಟ್ಟೆ. ಗೋಡೆ ಉದ್ದಕ್ಕೆ ಹೊರಗಡೆ ಒಂದು ಕಲ್ಲಿನ ಕಟ್ಟೆ ಕಟ್ಟಿಸೋಣ, ಒಂದೂವರೆ ಅಡಿ ಎತ್ತರ ಸಾಕು, ನಾಲ್ಕು ಹೊಂಗೆ ಗಿಡ ಹಾಕೋಣ ಅಂತ. ನ್ಯೂಯಾರ್ಕಲ್ಲೂ 1961ರಲ್ಲಿ ಬಿಲ್ಡಿಂಗ್ ಮುಂದೆ ಬಯಲು ಬಿಟ್ರೆ ಜಾಸ್ತಿ ಕಟ್ಟೋಕೆ ಬಿಡ್ತೀವಿ ಅಂತ ಆಸೆ ತೋರಿಸಿದ್ರು, ಬಿಲ್ಡರುಗಳು ಬಯಲು ಬಿಟ್ರು, ಆದ್ರೆ ಎಷ್ಟೋ ಕಡೆ ಜನಾನೇ ಬರ್ಲಿಲ್ಲ. ವಿಲಿಯಂ ವೈಟ್ ಅನ್ನೋರು ಕ್ಯಾಮೆರಾ ಇಟ್ಟು ವರ್ಷಗಟ್ಟಲೆ ನೋಡಿ ಕಂಡ್ಕೊಂಡಿದ್ದು ಕೂರೋಕೆ ಜಾಗ ಇದ್ದ ಕಡೆ ಜನ ಕೂರ್ತಾರೆ ಅಂತ. 1975ರಲ್ಲಿ ಅದಕ್ಕೆ ತಕ್ಕಂತೆ ರೂಲ್ಸ್ ಬದಲಾಯ್ತು. ನಮ್ಮಮ್ಮನ್ನ ಕೇಳಿದ್ರೆ ಎರಡು ನಿಮಿಷಕ್ಕೆ ಹೇಳ್ತಿದ್ಳು. ಇದನ್ನೆಲ್ಲಾ ಮೀಟಿಂಗಲ್ಲಿ ಹೇಳೋಕೆ ಬಿಡ್ಲಿಲ್ಲ, "ಕಟ್ಟೆ ಕಟ್ಟಿದ್ರೆ ಯಾರ್ಯಾರೋ ಬಂದು ಕೂರ್ತಾರೆ ಸಾರ್" ಅಂದ್ರು ಒಬ್ಬರು, ಎಲ್ರೂ ತಲೆ ಆಡಿಸಿದ್ರು, ಮುಂದಿನ ವಿಷ್ಯ ಲಿಫ್ಟಿನ ವಾರ್ಷಿಕ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್ ಅಂದ್ರು. ಯಾರ್ಯಾರೋ ಅಂದ್ರೆ ಯಾರು ಅಂತ ಕೇಳ್ಬೇಕು ಅನ್ನಿಸ್ತು, ಗೇಟಿನ ಹುಡುಗನ ಲೆಕ್ಕದಲ್ಲಿ ನಮ್ಮಮ್ಮಾನೂ ಅದೇ ಪಟ್ಟಿ.

ನಿನ್ನೆ ಸಂಜೆ ಆರಾದ್ರೂ ಅಮ್ಮ ಕಾಣಲಿಲ್ಲ. ಬಾಲ್ಕನಿಯಿಂದ ಬಗ್ಗಿ ನೋಡಿದೆ, ಹನ್ನೊಂದನೇ ಫ್ಲೋರಿಂದ ಊರೆಲ್ಲಾ ಕಾಣುತ್ತೆ, ನಮ್ಮ ಗೋಡೆ ಆಚೆ ಬದಿ ಕಾಣಲ್ಲ. ಫೋನ್ ಮಾಡಿದೆ. "ಇಲ್ಲೇ ಕಣೋ, ಟ್ರಾನ್ಸ್‌ಫಾರ್ಮರ್ ಹತ್ರ, ಹೂವಿನೋಳ ಜೊತೆ ಕೂತಿದೀನಿ, ಟೊಮೇಟೊ ಕ್ರೇಟ್ ಬೋರಲು ಹಾಕ್ಕೊಟ್ಟಿದಾಳೆ. ಇವ್ಳೂ ನಮ್ಮ ಕಡೆಯೋಳೇ, ತಿಪಟೂರು. ಬರ್ತಾ ಒಂದು ಚೊಂಬು ನೀರು ತಗೊಂಡ್ ಬಾ, ಆಮೇಲೆ ಆ ಹಳೇ ಚಾಪೆ ಇದ್ರೆ ಅದನ್ನೂ."