ಮಲೆನಾಡ ಮಳೆ ತಡೆಯೋ ಹಾಗೆ ಬೆಕ್ಕುಗಳಿಗೊಂದು ಗೂಡು

ನಮ್ಮ ಕಡೆ ಬೆಕ್ಕು ಅಂದ್ರೆ ಹಗಲೆಲ್ಲ ತೋಟ, ರಾತ್ರಿ ಅಟ್ಟ, ಊಟದ ಹೊತ್ತಿಗೆ ಅಡುಗೆಮನೆ ಬಾಗಿಲು, ಇಷ್ಟೇ. ಎರಡು ದಿನ ಕಾಣ್ಲಿಲ್ಲ ಅಂದ್ರೆ "ಎಲ್ಲೋ ಹೋಗಿದೆ, ಬರತ್ತೆ ಬಿಡು" ಅಂತಾರೆ, ಬರದೇ ಹೋದ್ರೆ ಆಮೇಲೆ ಯಾರೂ ಆ ಸುದ್ದಿ ಎತ್ತಲ್ಲ. ನಂಗೆ ಅದು ತಡ್ಕೊಳ್ಳೋಕಾಗಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ರಸ್ತೆ ಕಡೆಯ ಊರು ನಮ್ದು, ರಸ್ತೇಲಿ ಗಾಡಿಗಳ ಕಾಟ, ತೋಟದಲ್ಲಿ ನಾಗರಹಾವು ಕೊಳಕುಮಂಡಲ, ಬೀದಿನಾಯಿ ಹಿಂಡು ಬೇರೆ, ಕತ್ಲಾದ ಮೇಲೆ ಚಿರತೆ ನಾಯಿನೇ ಹೊತ್ಕೊಂಡು ಹೋಗತ್ತೆ ಅಂದ್ಮೇಲೆ ಬೆಕ್ಕು ಯಾವ ಲೆಕ್ಕ. ಹಾಗಾಗಿ ನಮ್ಮ ಕೆಂಚ, ಚುಕ್ಕಿ, ಮುದ್ದಿ ಮೂರಕ್ಕೂ ಮನೆ ಹಿಂದೆ ಒಂದು ಜಾಲರಿ ಗೂಡು ಕಟ್ಟಿಸಿದ್ವಿ, ಹನ್ನೆರಡು ಅಡಿ ಉದ್ದ, ಆರಡಿ ಅಗಲ, ಏಳಡಿ ಎತ್ತರ.

ದೊಡ್ಡಮ್ಮ ಮೊದಲು ಒಪ್ಪಲೇ ಇಲ್ಲ. "ಬೆಕ್ಕನ್ನ ಕೂಡಿ ಹಾಕಿದ್ರೆ ಅಟ್ಟದ ಇಲಿ ಹಿಡಿಯೋದು ಯಾರೇ ಮಾರಾಯ್ತಿ, ಮೂಟೆ ಎಲ್ಲಾ ತೂತು ಮಾಡಿ ಹಾಕ್ತಾವೆ" ಅಂದ್ರು. ಅವ್ರು ಕೇಳಿದ್ರಲ್ಲಿ ನ್ಯಾಯ ಇದೆ. ಬೆಕ್ಕು ಚುರುಕಾಗೋದೇ ಬೆಳಗಿನ ಜಾವ ಮತ್ತೆ ಮುಸ್ಸಂಜೆ, ಹಗಲಲ್ಲಿ ಮುಕ್ಕಾಲು ಪಾಲು ನಿದ್ದೆ. ಅದಕ್ಕೆ ಹಗಲು ಗೂಡಲ್ಲಿ, ದೀಪ ಹಚ್ಚೋ ಹೊತ್ತಿಗೆ ಮನೆ ಒಳಗೆ, ರಾತ್ರಿ ಅಟ್ಟ ಪೂರ್ತಿ ಅವುಗಳದ್ದೇ ಅಂತ ಮಾಡಿದ್ವಿ, ಇಲಿ ಕೆಲಸನೂ ನಡೀತಿದೆ ದೊಡ್ಡಮ್ಮನೂ ಸುಮ್ನಾದ್ರು. ಹಾಗೆ ನೋಡಿದ್ರೆ ರಾತ್ರಿ ಒಳಗೇ ಇರ್ಬೇಕು, ಯಾಕಂದ್ರೆ ಚಿರತೆ ಮನಸ್ಸು ಮಾಡಿದ್ರೆ ಈ ಜಾಲರಿ ಎಲ್ಲಾ ಏನೂ ಅಲ್ಲ.

ಇಂಟರ್ನೆಟ್ಟಲ್ಲಿ ಬೆಕ್ಕಿನ ಗೂಡಿನ ಫೋಟೋ ಬೇಕಾದಷ್ಟು ಸಿಗತ್ತೆ, ತೆಳ್ಳಗಿನ ಮರದ ಫ್ರೇಮು, ಕೆಳಗೆ ಹುಲ್ಲು, ನೋಡೋಕೆ ಚಂದ. ನಮ್ಮಲ್ಲಿ ಅದು ಒಂದು ಮಳೆಗಾಲ ತಡೆಯಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳೋ ಆಗುಂಬೆ ಪಕ್ಕದಲ್ಲೇ ಇದ್ಕೊಂಡು ಗೂಡು ಕಟ್ಟೋರು ಮೊದಲು ನೀರಿನ ಬಗ್ಗೆ ಯೋಚನೆ ಮಾಡ್ಬೇಕು, ಬೆಕ್ಕಿನ ಬಗ್ಗೆ ಆಮೇಲೆ. ಮನೆ ಮಾಡಿನ ನೀರು ಎಲ್ಲಿ ಬೀಳತ್ತೆ, ಎರಚಲು ಯಾವ ದಿಕ್ಕಿಂದ ಹೊಡೆಯತ್ತೆ, ಅಂಗಳದ ನೀರು ಯಾವ ಕಡೆ ಹರಿಯತ್ತೆ, ಇದನ್ನ ಒಂದು ಮಳೆಗಾಲ ನೋಡಿರೋರಿಗೆ ಜಾಗ ತಾನಾಗೇ ಗೊತ್ತಾಗತ್ತೆ. ನಮ್ದು ಹಿತ್ತಲ ಗೋಡೆಗೆ ಒತ್ತಿ ಇದೆ, ಪಡುವಣ ಕಡೆ ಮನೆನೇ ಅಡ್ಡ ಇರೋದ್ರಿಂದ ಗಾಳಿಮಳೆ ನೇರ ಬಡಿಯಲ್ಲ, ಬೆಳಗಿನ ಬಿಸಿಲು ಮಾತ್ರ ಚೆನ್ನಾಗಿ ಬೀಳತ್ತೆ.

ಕಂಬಕ್ಕೆ ಅಡಿಕೆ ಮರನೇ ಹಾಕಿ, ತೋಟದಲ್ಲೇ ಇದೆಯಲ್ಲ ಅಂತ ಎಲ್ಲರೂ ಹೇಳಿದ್ರು. ಚಪ್ಪರಕ್ಕಾದ್ರೆ ಸರಿ. ಮಣ್ಣಲ್ಲಿ ಹೂತ್ರೆ ಬುಡ ಕುಂಬಾಗತ್ತೆ, ಗೆದ್ದಲು ಹಿಡಿಯತ್ತೆ. ಹಾಗಾಗಿ ಕಂಬ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು), ಬುಡಕ್ಕೆ ಕಾಂಕ್ರೀಟು, ಬೆಸುಗೆ ಹಾಕಿದ ಕಡೆಯೆಲ್ಲ ಪ್ರೈಮರ್ ಹೊಡೆದು ಪೇಂಟು, ಯಾಕಂದ್ರೆ ಬೆಸುಗೆ ಹಾಕುವಾಗ ಸತುವಿನ ಲೇಪನ ಸುಟ್ಟು ಹೋಗಿ ತುಕ್ಕು ಶುರುವಾಗೋದೇ ಅಲ್ಲಿಂದ. ಜಾಲರಿ ಅರ್ಧ ಇಂಚಿನ ಚೌಕದ ವೆಲ್ಡ್ ಮೆಶ್. ಕೋಳಿ ಜಾಲರಿ ಅಗ್ಗ ಅಂತ ದಯವಿಟ್ಟು ಅದಕ್ಕೆ ಹೋಗ್ಬೇಡಿ, ಅದರ ತಂತಿ ಸಣ್ಣದು, ನಾಯಿ ಹಲ್ಲು ಹಾಕಿ ಎಳೆದ್ರೆ ಕಿತ್ತು ಬರತ್ತೆ, ಇಂಚಿನ ಕಣ್ಣಲ್ಲಿ ಹಾವಿನ ಮರಿ ಆರಾಮಾಗಿ ನುಗ್ಗತ್ತೆ. ಅಂಗಡೀಲಿ ಗೇಜ್ ಕೇಳುವಾಗ ನಂಬರು ಜಾಸ್ತಿ ಆದಷ್ಟೂ ತಂತಿ ತೆಳು ಅನ್ನೋದು ನೆನಪಿರ್ಲಿ. ಕೆಳಗೆ ಜಾಲರಿನ ನೆಲಕ್ಕೇ ನಿಲ್ಲಿಸದೆ ಹೊರಗಡೆಗೆ ಬಗ್ಗಿಸಿ ಒಂದಡಿಯಷ್ಟು ಮಣ್ಣೊಳಗೆ ಮಲಗಿಸಿದೀವಿ, ನಾಯಿ ಕೆರೆದ್ರೂ ಉಗುರಿಗೆ ಜಾಲರಿನೇ ಸಿಗತ್ತೆ.

ನೆಲ ಅರ್ಧ ಜಂಬಿಟ್ಟಿಗೆ ಕಲ್ಲು, ಇನ್ನರ್ಧ ಜಲ್ಲಿ, ಹೊರಗಡೆಗೆ ಸ್ವಲ್ಪ ಇಳಿಜಾರು. ಬರೀ ಮಣ್ಣು ಬಿಟ್ರೆ ಆಷಾಢದಲ್ಲಿ ಕೆಸರು, ಕೆಸರಿದ್ದಲ್ಲಿ ಇಂಬಳ, ಅದೇ ರಕ್ತ ಹೀರೋ ಜಿಗಣೆ. ಮಾಡಿಗೆ ಬೆಳಕು ಬರೋ ಫೈಬರ್ ಶೀಟು, ಜೋರು ಇಳಿಜಾರು ಕೊಟ್ಟು. ಮಳೆಗಾಲದಲ್ಲಿ ಎರಚಲು ಬರೋ ಪಕ್ಕಕ್ಕೆ ಅಡಿಕೆ ಸೋಗೆ ತಟ್ಟಿ ಕಟ್ತೀವಿ, ದೀಪಾವಳಿ ಹೊತ್ತಿಗೆ ಬಿಚ್ತೀವಿ, ಪ್ಲಾಸ್ಟಿಕ್ ಹಾಳೆಗಿಂತ ಸೋಗೆ ಎಷ್ಟೋ ವಾಸಿ, ಗಾಳಿ ಆಡತ್ತೆ, ಪಟಪಟ ಸದ್ದಿಗೆ ಮುದ್ದಿ ಹೆದರಿ ಮೂಲೆ ಸೇರೋದೂ ಇಲ್ಲ.

ಅಡಿಕೆ ಮರ ನಿಜವಾಗಿ ಕೆಲಸಕ್ಕೆ ಬರೋದು ಒಳಗಡೆ. ಬೆಕ್ಕಿಗೆ ನೆಲದ ಅಗಲಕ್ಕಿಂತ ಎತ್ತರ ಮುಖ್ಯ, ಮೇಲೆ ಕೂತು ಕೆಳಗಿಂದು ನೋಡೋ ಪ್ರಾಣಿ ಅದು. ಮರನ ಉದ್ದುದ್ದ ಪಟ್ಟಿಯಾಗಿ, ಅಂದ್ರೆ ದಬ್ಬೆಯಾಗಿ ಸೀಳಿಸಿ, ಒಳಗಿನ ಮೆತ್ತನೆ ತಿರುಳು ಕೆತ್ತಿ ತೆಗೆದು, ಮೆಟ್ಟಿಲ ಥರ ಹಲಗೆ ಜೋಡಿಸಿದ್ವಿ. ದಬ್ಬೆ ಅಂಚಲ್ಲಿ ಕಪ್ಪು ನಾರಿನ ಸಿಬರು ಸೂಜಿ ಥರ ಎದ್ದಿರತ್ತೆ, ಅದು ಬೆಕ್ಕಿನ ಅಂಗಾಲಿಗೆ ಹೊಕ್ರೆ ತೆಗೆಯೋದು ಬಹಳ ಕಷ್ಟ, ಹಾಗಾಗಿ ಒಂದೊಂದು ದಬ್ಬೆನೂ ಉಪ್ಪುಕಾಗದ ಹಾಕಿ ಉಜ್ಜಿ, ನನ್ನ ಅಂಗೈ ಆಡಿಸಿ ನೋಡಿನೇ ಮೊಳೆ ಹೊಡೆದಿದ್ದು. ಒಂದು ಗಿಡ್ಡ ಅಡಿಕೆ ತುಂಡಿಗೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ ನಿಲ್ಲಿಸಿದೀವಿ, ಚುಕ್ಕಿ ಎದ್ದ ತಕ್ಷಣ ಹಿಂಗಾಲಲ್ಲಿ ನಿಂತು ಮೈ ಉದ್ದ ಮಾಡಿ, ಕಿವಿ ಹಿಂದಕ್ಕೆ ಮಾಡಿ ಪರಪರ ಕೆರೆಯತ್ತೆ, ನಾರಿನ ಪುಡಿ ಮೂಗಿಗೆ ಹೋಗಿ ಸೀನತ್ತೆ, ಮತ್ತೆ ಕೆರೆಯತ್ತೆ. ಅದನ್ನ ನೋಡೋದೇ ನಂಗೊಂದು ಖುಷಿ.

ಗಿಡದ ವಿಷಯದಲ್ಲಿ ಹುಷಾರು. ಲಿಲ್ಲಿ ಹತ್ರಕ್ಕೂ ಬೇಡ, ಅದರ ಎಲೆ, ಪರಾಗ ಸ್ವಲ್ಪ ಹೊಟ್ಟೆಗೆ ಹೋದ್ರೂ ಬೆಕ್ಕಿನ ಕಿಡ್ನಿ ಹಾಳಾಗತ್ತೆ. ಕಣಗಿಲೆನೂ ವಿಷ, ಕೆಸು ಮನಿಪ್ಲಾಂಟು ಬಾಯಿ ಉರಿಸತ್ತೆ. ಗರಿಕೆ ಒಂದು ಕುಂಡದಲ್ಲಿ ಇಟ್ಟಿದೀವಿ, ಸಾಕು.

ಬಾಗಿಲು ಎರಡು ಇರ್ಲೇಬೇಕು, ಒಂದು ದಾಟಿ ಅಗಳಿ ಹಾಕಿ ಆಮೇಲೆ ಇನ್ನೊಂದು ತೆಗೆಯೋ ಹಾಗೆ, ಇಲ್ಲಾಂದ್ರೆ ಹಾಲಿನ ಬಟ್ಟಲು ಹಿಡ್ಕೊಂಡು ಒಳಗೆ ಹೋಗೋಷ್ಟರಲ್ಲಿ ಕೆಂಚನಂಥವು ಕಾಲ ಸಂದಿಂದ ತೋಟ ಸೇರಿರ್ತಾವೆ. ಗೂಡಿದೆ ಅಂತ ಲಸಿಕೆ ಬಿಡೋ ಹಾಗಿಲ್ಲ, ಬೆಕ್ಕಿನ ಪಾರ್ವೋ ವೈರಸ್ ನಮ್ಮ ಚಪ್ಪಲಿಗೆ ಅಂಟ್ಕೊಂಡೇ ಒಳಗೆ ಬರಬಹುದು.

ಇನ್ನೊಂದು ನೆಮ್ಮದಿ ಉಣುಗಿಂದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ಕಂಡಾಗಿಂದ ಈ ಜಿಲ್ಲೆಯೋರಿಗೆ ಉಣುಗು ಅಂದ್ರೆ ಭಯ ಇದ್ದೇ ಇದೆ, ಬೆಕ್ಕಿಂದ ಆ ಕಾಯಿಲೆ ಬರತ್ತೆ ಅಂತ ನಾನು ಹೇಳ್ತಿಲ್ಲ, ಕಾಡು ಸುತ್ತಿ ಮೈತುಂಬ ಉಣುಗು ಹೊತ್ತು ಬಂದು ನಮ್ಮ ಹಾಸಿಗೇಲಿ ಮಲಗೋದು ತಪ್ಪಿತು ಅಷ್ಟೇ. ತೋಟದ ಪಿಕಳಾರ, ಸೂರಕ್ಕಿಗಳೂ ಬದುಕ್ಕೊಂಡ್ವು.

ಕಟ್ಟಿಸೋರು ಮೃಗಶಿರ ಮಳೆ ಹಿಡಿಯೋ ಮುಂಚೆ ಕಾಂಕ್ರೀಟು, ಪೇಂಟು ಮುಗಿಸ್ಕೊಳ್ಳಿ, ಆಮೇಲೆ ಯಾವುದೂ ಒಣಗಲ್ಲ. ನಮ್ಮಲ್ಲಿ ಇನ್ನು ಉಳಿದಿರೋ ಕೆಲಸ ಅಂದ್ರೆ ಉಗ್ರಾಣದ ಕಿಟಕಿಯಿಂದ ಗೂಡಿಗೆ ಒಂದು ಜಾಲರಿ ಓಣಿ, ಅದಾದ್ರೆ ಸಂಜೆ ಒಂದೊಂದನ್ನೇ ಎತ್ಕೊಂಡು ಒಳಗೆ ತರೋದು ತಪ್ಪತ್ತೆ, ಆಚಾರ್ರು ಅಡಿಕೆ ಕೊಯ್ಲು ಮುಗಿದ ಮೇಲೆ ಬರ್ತೀನಿ ಅಂದಿದಾರೆ.