ಮೆಟ್ಟಿಲು ಓಡುವವರು ಮುದ್ದೆ ಬಿಡಬಾರದು

14 ಡಿಸೆಂಬರ್ 2025, ಭಾನುವಾರ
ಕೋಲಾರ

ಚಿಕ್ಕಮ್ಮನ ಮಗಳು ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಬೆಳಿಗ್ಗೆ ಅಂತರಗಂಗೆ ಬೆಟ್ಟದ ಮೆಟ್ಟಿಲುಗಳಲ್ಲಿ ಅಭ್ಯಾಸವಿತ್ತು. ಅರ್ಧ ನಿಮಿಷ ಮೈಯ ಶಕ್ತಿಯೆಲ್ಲ ಹಾಕಿ ಹತ್ತುವುದು, ಮೆಲ್ಲಗೆ ಇಳಿದು ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಹತ್ತುವುದು. ಮೊದಮೊದಲು ನನ್ನನ್ನು ಹಿಂದೆ ಹಾಕಿದವಳು ಆಮೇಲೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು, ಬೆರಳು ನಡುಗುತ್ತಿದ್ದವು. ರಾತ್ರಿ ಏನು ಉಂಡೆ ಎಂದರೆ ಸೌತೆಕಾಯಿ, ಮಜ್ಜಿಗೆ. ಬೆಳಿಗ್ಗೆ ಬರೀ ನೀರು. "ಮುದ್ದೆ ತಿಂದರೆ ಮೈ ಭಾರವಾಗುತ್ತದೆ ಅಕ್ಕ, ಅದಕ್ಕೇ ಬಿಟ್ಟಿದ್ದೇನೆ" ಎಂದಳು.

ಕೋಲಾರದ ಹುಡುಗಿ ಮುದ್ದೆಗೆ ಹೆದರುವ ಕಾಲ ಬಂತಲ್ಲ ಎಂದು ಸಂಕಟವಾಯಿತು. ಇಷ್ಟು ಬಿರುಸಾಗಿ ದುಡಿಯುವಾಗ ಸ್ನಾಯುಗಳು ಮುಖ್ಯವಾಗಿ ಬಳಸುವುದು ತಮ್ಮಲ್ಲೇ ಕೂಡಿಟ್ಟುಕೊಂಡ ಗ್ಲೈಕೊಜೆನ್ ಅನ್ನು, ಅಂದರೆ ಸಕ್ಕರೆಯ ದಾಸ್ತಾನನ್ನು. ಅದು ತುಂಬುವುದು ರಾಗಿ, ಅಕ್ಕಿ, ಹಣ್ಣು, ಬೆಲ್ಲದಿಂದ. ಮೈಯಲ್ಲಿ ಕೊಬ್ಬು ಎಷ್ಟೇ ಇರಲಿ, ಆ ವೇಗಕ್ಕೆ ತಕ್ಕಂತೆ ಶಕ್ತಿ ಒದಗಿಸುವುದು ಅದರಿಂದಾಗದು. ಅವಳ ಮಾತಿನಲ್ಲಿ ಒಂದು ಪಾಲು ನಿಜವಿದೆ: ಮುದ್ದೆ ಉಂಡ ಕೂಡಲೇ ಓಡಲಾಗದು, ನಾರಿನಂಶ ಹೆಚ್ಚಿರುವುದರಿಂದ ಅರಗಲು ಹೊತ್ತು ಬೇಕು. ಮೂರು ಗಂಟೆ ಬಿಡುವಿದ್ದರೆ ಮುದ್ದೆ ಉಣ್ಣಲಿ. ಒಂದೇ ಗಂಟೆ ಇದ್ದರೆ ಬಾಳೆಹಣ್ಣೋ, ಬೆಲ್ಲ ಹಾಕಿದ ತೆಳ್ಳನೆಯ ಅಂಬಲಿಯೋ ಸಾಕು. ಬಾಳೆಹಣ್ಣನ್ನು ಮನೆಯಲ್ಲೇ ತಿಂದು ಹೊರಡಬೇಕು, ಬೆಟ್ಟದ ಕೋತಿಗಳು ಕೈಯಲ್ಲಿರುವುದನ್ನು ಬಿಡುವುದಿಲ್ಲ.

ಮನೆಗೆ ಬಂದಾಗ ಚಿಕ್ಕಮ್ಮ ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿದುಕುತ್ತಿದ್ದರು. ಹೆಬ್ಬೆರಳು, ತೋರುಬೆರಳ ನಡುವೆ ಕಾಳನ್ನು ಒತ್ತಿದರೆ ಬೇಳೆ ಚಂಗನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ನಾವೂ ಜೊತೆಗೆ ಕೂತೆವು. ಅಡುಗೆಮನೆಯೆಲ್ಲ ಸೊಗಡಿನ ಘಮ. ತಂಗಿ ಬಿಸಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದಳು, ಕೇಳಿ ಇನ್ನರ್ಧ ಹಾಕಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು.

ಪ್ರೋಟೀನ್ ಪುಡಿಯ ಡಬ್ಬಿ ಕೊಳ್ಳಲೇಬೇಕೇ ಎಂದು ಕೇಳಿದಳು. ಬೇಡ ಎಂದೆ. ಸಾಮಾನ್ಯರಿಗೆ ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು, ಕಠಿಣ ಅಭ್ಯಾಸ ಮಾಡುವವರಿಗೆ 1.2ರಿಂದ 2 ಗ್ರಾಂ ಬೇಕು. ಐವತ್ತು ಕಿಲೋ ತೂಗುವ ಅವಳಿಗೆ ಕನಿಷ್ಠ 60 ಗ್ರಾಂ. ನೂರು ಗ್ರಾಂ ಹುರಳಿಕಾಳಿನಲ್ಲೇ 20 ಗ್ರಾಂಗಿಂತ ಹೆಚ್ಚು ಸಿಗುತ್ತದೆ, ಒಂದು ಮೊಟ್ಟೆಯಲ್ಲಿ ಸುಮಾರು 6, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಸುಮಾರು 7. ನೂರು ಗ್ರಾಂ ರಾಗಿ ಹಿಟ್ಟಿನಲ್ಲೂ 7 ಗ್ರಾಂ ಇದೆ. ಜೊತೆಗೆ 300 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ, ದಿನವೂ ಕಲ್ಲು ಮೆಟ್ಟಿಲ ಮೇಲೆ ಕುಪ್ಪಳಿಸುವ ಮೂಳೆಗಳಿಗೆ ಬೇಕಾದದ್ದು. ಇಷ್ಟೆಲ್ಲ ಚಿಕ್ಕಮ್ಮನ ಅಡುಗೆಮನೆಯಲ್ಲೇ ಇರುವಾಗ ಡಬ್ಬಿಗೆ ದುಡ್ಡು ಸುರಿಯುವುದನ್ನು ನಾನು ಒಪ್ಪುವುದಿಲ್ಲ.

ನನಗೆ ಹೆಚ್ಚು ಚಿಂತೆಯಿರುವುದು ಕಬ್ಬಿಣಾಂಶದ್ದು. ಊಟ ಮುಗಿಯುತ್ತಲೇ ಚಹಾ ಕುಡಿಯುವ ರೂಢಿ ಅವಳಿಗಿದೆ. ಸೊಪ್ಪು, ಕಾಳಿನ ಕಬ್ಬಿಣವನ್ನು ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಒಂದು ಗಂಟೆ ತಡೆದು ಕುಡಿ, ಬಸ್ಸಾರಿಗೆ ನಿಂಬೆಹಣ್ಣು ಹಿಂಡಿಕೋ ಎಂದೆ. ಚೆನ್ನಾಗಿ ಉಂಡ ಮೇಲೂ ತಲೆಸುತ್ತು ಬಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲೇಬೇಕು, ಚಿಕ್ಕಮ್ಮನಿಗೂ ಹೇಳಿದ್ದೇನೆ.

ನಾಳೆ ಅಭ್ಯಾಸಕ್ಕೆ ರಜೆ. ರಜೆಯೆಂದು ಊಟ ತಗ್ಗಿಸಬಾರದು, ಸ್ನಾಯು ಸುಧಾರಿಸಿಕೊಳ್ಳುವುದು ಆ ದಿನವೇ. ಮೊಳಕೆ ಹುರಳಿ ಸಾರಿಗೆಂದು ಕಾಳು ನೆನೆಹಾಕಿಸಿ ಬಂದಿದ್ದೇನೆ.