ಹರಕೆ ಇಲ್ಲದ ಸೋಮವಾರ

ಸಂತನಾಗಿ ಬಾಳಿ ಈಗ ದೇವರಾಗಿ ಪೂಜೆಗೊಳ್ಳುವ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಾನು ಹಳೆಯ ಗಿರಾಕಿ. ಮಗನಿಗೆ ನೌಕರಿ ಸಿಕ್ಕರೆ ಎರಡು ಕೆ.ಜಿ., ಮಗಳ ಹೆರಿಗೆ ಸುಸೂತ್ರವಾದರೆ ಒಂದು ಕೆ.ಜಿ., ಹೀಗೆ ಕೊಬ್ಬರಿಯ ತೂಕದಲ್ಲೇ ನಮ್ಮಿಬ್ಬರ ವ್ಯವಹಾರ. ಫಾಲ್ಗುಣದ ಜಾತ್ರೆಯಲ್ಲಿ ಒಣಕೊಬ್ಬರಿ ಸುಡುವುದು ಇಲ್ಲಿಯ ಹರಕೆ. ಬೆಂಕಿ ತಾಗಿದ ಬಟ್ಟಲು ಚುರುಗುಟ್ಟುತ್ತದೆ, ಅಂಚಿನಲ್ಲಿ ಎಣ್ಣೆ ಒಸರುತ್ತದೆ, ಆಮೇಲೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆ ಕಮಟು ಎರಡು ಸಲ ಒಗೆದರೂ ಸೀರೆ ಬಿಡುತ್ತಿರಲಿಲ್ಲ.

ಯಜಮಾನರ ಕಾಯಿಲೆಗೆ ಐದು ಕೆ.ಜಿ. ಹೇಳಿಕೊಂಡಿದ್ದೆ. ಅವರು ಉಳಿಯಲಿಲ್ಲ. ಆ ವರ್ಷ ಜಾತ್ರೆಗೆ ನಾನೂ ಹೋಗಲಿಲ್ಲ.

ಕಳೆದ ಸೋಮವಾರ ಸುಮ್ಮನೆ ಹೊರಟೆ. ಜಾತ್ರೆಯಿಲ್ಲ, ಹರಕೆಯಿಲ್ಲ. ರೂಢಿ ಬಿಡದೆ ಚಿತ್ರದುರ್ಗದಲ್ಲಿ ಒಂದು ಗಿಟುಕು ಕೊಬ್ಬರಿ ಕೊಂಡು, ಚಳ್ಳಕೆರೆಯಲ್ಲಿ ಬಸ್ ಬದಲಿಸಿದೆ. ಊರೊಳಗಿನ ಸ್ವಾಮಿಯ ಗುಡಿಯಾದ ಒಳಮಠದಲ್ಲಿ ಮಂಗಳಾರತಿಯ ಹೊತ್ತಿಗೆ ಕಣ್ಣು ಮುಚ್ಚಿದರೆ, ತುಟಿ ತಾನಾಗಿಯೇ 'ಸ್ವಾಮೀ, ಒಂದು...' ಎಂದು ಶುರುಮಾಡಿತು. ಒಂದು ಏನು? ಹುಡುಕಿದೆ. ಮೊಣಕಾಲು ನೋಯುತ್ತದೆ, ನಿಜ. ಎರಡು ಬಸ್ ಹತ್ತಿಸಿದ್ದೂ ಅದೇ ಮೊಣಕಾಲು. ಪೊರೆ ತೆಗೆಸಿದ ಮೇಲೆ ಅಕ್ಕಿಯಲ್ಲಿನ ಕಲ್ಲು ಕಾಣುತ್ತದೆ (ಸೊಸೆಗೆ ಕಾಣದ್ದೂ ಕಾಣುತ್ತದೆ, ಅದು ಬೇರೆ ಜಗಳ). ರಾತ್ರಿ ತಲೆ ಇಟ್ಟರೆ ನಿದ್ದೆ. ನಸುಕಿನಲ್ಲಿ ಎದ್ದು ತಿರುಗಿಸಿದರೆ ನಲ್ಲಿಯಲ್ಲಿ ನೀರು. ಸೊಂಟದ ಮೇಲೆ ಕೊಡ ಹೊತ್ತು ಬೆಳೆದವಳಿಗೆ ಅದು ಇಂದಿಗೂ ಸಣ್ಣ ಸಂಗತಿಯಲ್ಲ.

'ಮಾಡಿದಷ್ಟು ನೀಡು ಭಿಕ್ಷೆ' ಎಂಬುದು ಸ್ವಾಮಿಯ ಮಾತು. ಮಳೆ ಕಡಿಮೆಯ ಈ ನೆಲದಲ್ಲಿ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದವರು, ದುಡಿದಷ್ಟೇ ಕೂಲಿ ಕೊಡಿಸಿದವರು ಎಂದು ಈ ಸೀಮೆಯವರು ಹೇಳುತ್ತಾರೆ. ಈ ಮಾತನ್ನು ನಾನು ಇಷ್ಟು ವರ್ಷ ಮಗನನ್ನು ಬೈಯುವುದಕ್ಕೆ ಬಳಸಿದ್ದೇನೆ. ಅಂದು ಅದು ನನ್ನ ಕಡೆಗೇ ತಿರುಗಿತು. ಈ ನೀರಿಗೆ, ಈ ಕಣ್ಣಿಗೆ, ಈ ನಿದ್ದೆಗೆ ನಾನು ಮಾಡಿದ್ದೇನು? ಯಾರೋ ತೋಡಿದ್ದು, ಯಾರೋ ಬೆಳೆದದ್ದು, ಯಾವುದೋ ಡಾಕ್ಟರ ಕೈ ನಡುಗದೆ ಇದ್ದದ್ದು. ಜೋಳಿಗೆಗೆ ದುಡಿಮೆಗಿಂತ ಹೆಚ್ಚೇ ಬಿದ್ದಿದೆ. ಯಜಮಾನರು ನಲವತ್ತೆರಡು ವರ್ಷ ಜೊತೆಗಿದ್ದರು. ಅದಕ್ಕೆ ನಾನು ಒಂದು ದಿನವೂ ಹರಕೆ ಹೊತ್ತಿರಲಿಲ್ಲ.

"ಹರಕೆ ಏನಮ್ಮಾ?" ಎಂದು ಪೂಜಾರಿ ಕೇಳಿದರು.

"ಏನೂ ಇಲ್ಲ ಸ್ವಾಮಿ, ನೋಡಿಕೊಂಡು ಹೋಗೋಣವೆಂದು ಬಂದೆ."

ಅವರು ನನ್ನ ಮುಖವನ್ನೊಮ್ಮೆ ನೋಡಿ, ಕೊಬ್ಬರಿಯನ್ನು ದೇವರ ಮುಂದಿಟ್ಟು, ವಿಭೂತಿಯ ಜೊತೆಗೆ ಮರಳಿ ಕೊಟ್ಟರು. ಇಷ್ಟು ವರ್ಷ ಸುಟ್ಟದ್ದೇ ಸುಟ್ಟದ್ದು, ಆ ಕೊಬ್ಬರಿಯ ರುಚಿ ನೋಡಿದ್ದೇ ಇಲ್ಲ. ಬಸ್ ಹೊರಟ ಮೇಲೆ ಕಿಟಕಿಯ ಕಂಬಿಗೆ ಗಿಟುಕು ಕುಟ್ಟಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಎಡಗಡೆಯ ದವಡೆ ಹಲ್ಲುಗಳು ಇನ್ನೂ ಗಟ್ಟಿಯಾಗಿವೆ. ಚಳ್ಳಕೆರೆ ಬರುವವರೆಗೂ ಅಗಿದೆ.